ಅಂಗೈಯಲ್ಲಿ ಹಿಡಿಸುವಷ್ಟು ನೀರು

ನುಂಗುವುದನ್ನು ಕಲಿಸುವುದು ನನ್ನ ಕೆಲಸ. ಹೀಗೆಂದರೆ ಶಿರಸಿ–ಸಿದ್ದಾಪುರದ ಬಸ್ಸಿನಲ್ಲಿ ಪಕ್ಕ ಕೂತವರು ಮೊದಲು ನನ್ನ ಮುಖ ನೋಡುತ್ತಾರೆ, ಆಮೇಲೆ ನನ್ನ ಚೀಲ ನೋಡುತ್ತಾರೆ. ಒಬ್ಬ ಹಿರಿಯರಂತೂ “ನುಂಗಲೆ ಕಲ್ಸದು ಎಂತಕ್ಕೆ ತಂಗಿ? ಹುಟ್ಟಿದ ಶಿಶುವಿಗೂ ಬತ್ತು ಅದು” ಎಂದು ನನ್ನ ಮೇಲೆ ಕನಿಕರಪಟ್ಟು ಬಾಳೆಹಣ್ಣು ಕೊಟ್ಟಿದ್ದರು. ಅವರದೇನೂ ತಪ್ಪಿಲ್ಲ. ಗಂಟಲು ಸರಿ ಇರುವ ತನಕ ನುಂಗುವುದು ಒಂದು ಕೆಲಸ ಎಂದು ಯಾರಿಗೂ ಅನ್ನಿಸುವುದಿಲ್ಲ. ಪಾರ್ಶ್ವವಾಯು ಬಡಿದ ಮೇಲೋ ನರಗಳು ಸೊರಗಿದ ಮೇಲೋ ಒಂದು ಗುಟುಕು ನೀರೇ ಗುಡ್ಡ ಹತ್ತಿದಷ್ಟು ಕಷ್ಟವಾದಾಗ ನನ್ನನ್ನು ಹುಡುಕಿಕೊಂಡು ಬರುತ್ತಾರೆ. ಶಿರಸಿ, ಸಿದ್ದಾಪುರ, ಯಲ್ಲಾಪುರ, ಮೂರೂ ಕಡೆ ವಾರಕ್ಕೊಮ್ಮೆ ಕೂರುತ್ತೇನೆ. ಕಾಯಿಲೆಯವರ ಜೊತೆ ಉಣಿಸುವವರೂ ಬರಲೇಬೇಕು ಎಂಬುದು ನನ್ನ ಕಟ್ಟಪ್ಪಣೆ. ನಿಜ ಹೇಳಬೇಕೆಂದರೆ ಮುಕ್ಕಾಲು ಪಾಠ ಅವರಿಗೇ.

ಬನವಾಸಿ ಕಡೆಯ ಆ ದಂಪತಿಯನ್ನು ನನ್ನ ಹತ್ತಿರ ಕಳಿಸಿದ್ದು ಶಿರಸಿಯ ಒಬ್ಬ ವೈದ್ಯರು. ಫೋನಿನಲ್ಲಿ ಅವರು ಸುತ್ತು ಬಳಸಿ ಮಾತಾಡಲಿಲ್ಲ. “ಪಾರ್ಶ್ವವಾಯು ಆದಮೇಲೆ ಎರಡು ಸಲ ನ್ಯುಮೋನಿಯಾ ಆಗಿದೆ. ನೀರು, ಆಹಾರ ಶ್ವಾಸಕೋಶಕ್ಕೆ ಇಳೀತಿದೆ. ಇನ್ನೊಂದು ಸಲ ಆದರೆ ತಡೆಯೋ ಶಕ್ತಿ ಆಕೆಗಿಲ್ಲ. ಅಷ್ಟರೊಳಗೆ ನಿಮ್ಮ ಕೈಲಿ ಆಗದಿದ್ದರೆ ಹೊಟ್ಟೆಗೆ ನಳಿಗೆ ಹಾಕಿಸೋದೇ” ಎಂದರು.

ಮರುದಿನವೇ ಬಂದರು. ಯಜಮಾನರದು ಹಳ್ಳಿಯಲ್ಲಿ ಹಿಟ್ಟಿನ ಗಿರಣಿ. ಸ್ನಾನ ಮಾಡಿ, ಇಸ್ತ್ರಿ ಅಂಗಿ ಹಾಕಿ ಬಂದಿದ್ದರೂ ಹುಬ್ಬಿನಲ್ಲಿ ಹಿಟ್ಟು ಉಳಿದಿತ್ತು. ಹೆಂಡತಿಗೆ ಅರವತ್ತರ ಆಸುಪಾಸು. ಹಣೆಯ ತುಂಬ ವಿಭೂತಿ, ಬಲಗೈ ಮಡಿಲಲ್ಲಿ ಸುಮ್ಮನೆ ಬಿದ್ದಿತ್ತು. ಮಾತು ತೊದಲುತ್ತಿತ್ತು, ಆದರೆ ಮಾತಿನ ಖಾರಕ್ಕೇನೂ ಪೆಟ್ಟು ಬಿದ್ದಿರಲಿಲ್ಲ. ಕೂತವರೇ ನನಗೆ ಹೇಳಿದರು: “ನಳಿಗಿ ಹಾಕಸ್ಕೊಳ್ಳೂದಿಲ್ಲ ನಾ. ಅದು ಊಟ ಅಲ್ಲ. ಗಿರಣಿಗೆ ಎಣ್ಣಿ ಬಿಟ್ಟಂಗ.”

ನಳಿಗೆ ಶತ್ರುವಲ್ಲ ಎಂದು ಹೇಳಿದೆ. ನಳಿಗೆಯಿಂದ ಬದುಕಿಕೊಂಡವರು ನನ್ನ ಕಣ್ಣೆದುರೇ ಎಷ್ಟೋ ಜನ ಇದ್ದಾರೆ, ಬೇಕಾದವರಿಗೆ ಹಾಕಿಸಿ ಎಂದು ಹಟ ಹಿಡಿದು ಕಳಿಸಿದವಳೂ ನಾನೇ. ಆದರೆ ಈ ಅಮ್ಮನ ಗಂಟಲು ಪರೀಕ್ಷಿಸಿದಾಗ ನನಗೆ ಆಸೆ ಹುಟ್ಟಿತು. ಗಂಟಲ ಮಣಿಯ ಮೇಲೆ ಬೆರಳಿಟ್ಟು ನುಂಗಿಸಿ ನೋಡಿದೆ. ಮಣಿ ಏಳುತ್ತಿತ್ತು, ಆದರೆ ತಡವಾಗಿ. ಗಂಟಲಲ್ಲಿ ದಾರಿ ಎರಡು, ಒಂದು ಅನ್ನದ್ದು, ಇನ್ನೊಂದು ಗಾಳಿಯದು. ನುಂಗುವ ಹೊತ್ತಿಗೆ ಗಾಳಿಯ ದಾರಿಗೆ ಬಾಗಿಲು ಬೀಳಬೇಕು. ಅಮ್ಮನ ಬಾಗಿಲು ಕೆಟ್ಟಿರಲಿಲ್ಲ, ನಿಧಾನವಾಗಿತ್ತು. ಮಂದನೆಯ ಗಂಜಿ ಕೊಟ್ಟರೆ ಅದು ಬಾಗಿಲು ಬೀಳುವ ತನಕ ಕಾಯುತ್ತಿತ್ತು. ತೆಳ್ಳನೆಯ ನೀರು ಕಾಯುತ್ತಿರಲಿಲ್ಲ.

ಇಲ್ಲೇ ನಮ್ಮ ಜನರ ಜೊತೆ ನನ್ನ ದೊಡ್ಡ ಜಗಳ. ಕಾಯಿಲೆಯವರಿಗೆ ತೆಳ್ಳಗಿದ್ದಷ್ಟೂ ಒಳ್ಳೆಯದು ಎಂದು ಎಲ್ಲರ ತಲೆಯಲ್ಲೂ ಕೂತಿದೆ. ಗಂಜಿಯ ತಿಳಿ, ನೀರುಮಜ್ಜಿಗೆ, ಬೇಳೆಯ ಕಟ್ಟು. ಪ್ರೀತಿಯಿಂದ ಕೊಟ್ಟದ್ದು ನೆಟ್ಟಗೆ ಶ್ವಾಸಕೋಶಕ್ಕೆ ಹೋಗುತ್ತದೆ. ಯಜಮಾನರೂ ಅದನ್ನೇ ಮಾಡಿದ್ದರು. ನಾನು ಅವರನ್ನೇ ಕುರ್ಚಿಯಲ್ಲಿ ಕೂರಿಸಿ, ಅವರ ಬಾಯಿಗೆ ಚಮಚದ ಮೇಲೆ ಚಮಚ ಇಡುತ್ತಾ, “ಊರಿನ ಕಡೆ ಬೆಳೆ ಹೇಗಿದೆ, ಗಿರಣಿ ಯಾರು ನೋಡ್ಕೊಳ್ತಾರೆ” ಎಂದು ಬಿಡದೆ ಕೇಳಿದೆ. ನಾಲ್ಕನೇ ಚಮಚಕ್ಕೆ ಕೈಯೆತ್ತಿ ತಡೆದರು.

“ನುಂಗಾಕರ ಬಿಡ್ರಿ ಮೇಡಂ!”

“ನೀವು ಇವರಿಗೆ ಹೀಗೇ ಉಣಿಸ್ತಿದ್ದದ್ದಲ್ವಾ?”

ಅವರು ಹೆಂಡತಿಯ ಕಡೆ ನೋಡಿದರು. ಅಮ್ಮ ತಲೆಯಾಡಿಸಿ, “ಇನ್ನೂ ಜೋರ” ಎಂದರು.

ಅವತ್ತಿನಿಂದ ಯಜಮಾನರಷ್ಟು ಶ್ರದ್ಧೆಯ ವಿದ್ಯಾರ್ಥಿ ನನಗೆ ಸಿಕ್ಕಿಲ್ಲ. ಬೆನ್ನು ನೆಟ್ಟಗೆ, ಪಾದ ನೆಲಕ್ಕೆ, ಗದ್ದ ಎದೆಯ ಕಡೆ, ಸಣ್ಣ ಚಮಚ. ಒಂದು ತುತ್ತಿಗೆ ಎರಡು ಸಲ ನುಂಗು. ಆಮೇಲೆ “ಆ” ಅನ್ನಿಸಿ ಕೇಳುವುದು. ದನಿಯಲ್ಲಿ ಗುರಗುರ ಬಂದರೆ ಏನೋ ಅಲ್ಲೇ ನಿಂತಿದೆ ಎಂದರ್ಥ. ಊಟವಾದ ಮೇಲೆ ಬಾಯಿ ತೊಳೆಸಿ, ಸ್ವಲ್ಪ ಹೊತ್ತು ಮಲಗಲು ಬಿಡಬಾರದು. ಪೇಟೆಯಲ್ಲಿ ಸಿಗುವ ಮಂದಮಾಡುವ ಪುಡಿ ದುಬಾರಿ, ಸಿಗುವುದೂ ಕಷ್ಟ. ಅದಕ್ಕೆ ಕೂವೆ ಗಡ್ಡೆಯ ಹಿಟ್ಟನ್ನು, ಅಂದರೆ ಆರಾರೂಟನ್ನು, ಬೇಯಿಸಿ ಅಂಬಲಿಯ ಹಾಗೆ ಮಾಡಿಕೊಂಡು, ಕುಡಿಯುವ ಎಲ್ಲದಕ್ಕೂ ಬೆರೆಸಲು ಹೇಳಿದೆ. ಬಿಸಿ ಚಹಾ ಮಾತ್ರ ಸದ್ಯಕ್ಕೆ ಬೇಡವೇ ಬೇಡ ಎಂದೆ. ಮಂದ ಎಷ್ಟಿರಬೇಕೆಂದು ಸೂಜಿ ತೆಗೆದ ಸಿರಿಂಜಿನಲ್ಲಿ ತುಂಬಿ, ಹರಿಯಬಿಟ್ಟು ತೋರಿಸಿದೆ. ಕೂವೆಗೊಂದು ಚಾಳಿಯಿದೆ. ಎಂಜಲು ತಾಗಿದರೆ ಮತ್ತೆ ನೀರಾಗುತ್ತದೆ. ಹಾಗಾಗಿ ಬಾಯಿಗೆ ಹೋದ ಚಮಚ ಮತ್ತೆ ಬಟ್ಟಲಿಗೆ ಬೀಳಬಾರದು. ಹಿಟ್ಟಿನ ವಿಷಯ ಬಂದದ್ದೇ ಯಜಮಾನರಿಗೆ ಲವಲವಿಕೆ ಬಂತು. ಮುಂದಿನ ವಾರ ತಂದ ಅಂಬಲಿಯಲ್ಲಿ ಒಂದೇ ಒಂದು ಗಂಟು ಇರಲಿಲ್ಲ.

ನನ್ನೆದುರು ಎಲ್ಲ ಸುಸೂತ್ರ. ಅಮ್ಮನ ಮುಖದಲ್ಲಿ ಸ್ವಲ್ಪ ಕಳೆ ಕಂಡಿತು. ಗೆದ್ದೆವು ಎಂದುಕೊಳ್ಳುವಷ್ಟರಲ್ಲಿ ಯಜಮಾನರ ಫೋನು: “ಮತ್ತ ಜ್ವರ ಬಂದೈತ್ರಿ.”

ನ್ಯುಮೋನಿಯಾ ಇನ್ನೂ ಪೂರ್ತಿ ಬಲಿತಿರಲಿಲ್ಲ. ವೈದ್ಯರು ಔಷಧಿ ಶುರುಮಾಡಿ, “ಇದು ಇಳಿದ ತಕ್ಷಣ ನಳಿಗೆಯ ದಿನ ಗೊತ್ತುಮಾಡ್ತೇನೆ” ಎಂದರು. ನನಗೆ ತಲೆಬಿಸಿ. ಯಾರೋ ಕದ್ದು ನೀರು ಕೊಡುತ್ತಿದ್ದಾರೆ ಎಂದೇ ನನ್ನ ಲೆಕ್ಕ. ಯಜಮಾನರನ್ನು ನೇರವಾಗಿಯೇ ಕೇಳಿದೆ. ಅವರಿಗೆ ಬೇಜಾರಾಯಿತು.

“ನಿಮ್ಮ ಮಾತು ಮೀರಿ ಒಂದು ತುತ್ತು ಕೊಟ್ಟಿಲ್ರಿ. ಬೇಕಾದ್ರ ಮನಿಗೆ ಬಂದು ನೋಡ್ರಿ.”

ಜ್ವರ ಇಳಿದ ಮೇಲೆ ಬೆಳಗಿನ ಮೊದಲ ಬಸ್ಸಿಗೆ ಹೋದೆ. ರಸ್ತೆಯ ಮಗ್ಗುಲಲ್ಲೇ ಗಿರಣಿ, ಹಿಂದೆ ಮನೆ. ನಾನು ತಲುಪುವಾಗ ಅಮ್ಮ ಸ್ನಾನ ಮುಗಿಸಿ, ಗೋಡೆಗೆ ಬೆನ್ನು ಕೊಟ್ಟು ಲಿಂಗಪೂಜೆಗೆ ಕೂತಿದ್ದರು. ಪೂಜೆಯಾಗಿ ತೀರ್ಥ ತೆಗೆದುಕೊಳ್ಳುವ ತನಕ ಆ ಮನೆಯಲ್ಲಿ ಯಾರೂ ಬಾಯಿಗೆ ಏನೂ ಹಾಕುವುದಿಲ್ಲ. ನನ್ನನ್ನು ಬಾಗಿಲ ಹತ್ತಿರ ಕೂರಿಸಿದರು. ತೀರ್ಥ ಎಂದ ಕೂಡಲೇ ನನ್ನ ಕಿವಿ ನಿಮಿರಿತ್ತು. ಅದು ತೆಳ್ಳನೆಯ ನೀರಲ್ಲವೇ? ಕಳ್ಳ ಸಿಕ್ಕಿಬಿದ್ದ ಎಂದುಕೊಂಡೆ.

ಅಮ್ಮ ಎಡ ಅಂಗೈಯಲ್ಲಿ ಲಿಂಗ ಇಟ್ಟುಕೊಂಡಿದ್ದರು. ಬಲಗೈ ಮಾಡಬೇಕಾದ್ದನ್ನೆಲ್ಲ ಯಜಮಾನರು ಮಾಡುತ್ತಿದ್ದರು, ವಿಭೂತಿ, ಹೂವು, ಪತ್ರೆ. ಕೊನೆಗೆ ಲಿಂಗದ ಮೇಲೆ ಸ್ವಲ್ಪ ನೀರು ಎರೆದರು. ಅದು ಅಂಗೈಯ ಗುಳಿಯಲ್ಲಿ ನಿಂತಿತು. ಅಮ್ಮ ತಲೆ ಬಾಗಿಸಿ, ಅಂಗೈಯನ್ನು ತುಟಿಗೆ ತಂದು, ಅವರ ಮನೆಯ ಪದ್ಧತಿಯಂತೆ ಅದನ್ನು ಸೇವಿಸಿದರು. ನಾನು ಗಂಟಲನ್ನೇ ನೋಡುತ್ತಿದ್ದೆ. ಕೆಮ್ಮಿಲ್ಲ. “ಆ ಅನ್ರಿ” ಎಂದೆ. ದನಿ ಗಂಟೆಯ ಹಾಗೆ ಸ್ವಚ್ಛ.

ಪೂಜೆ ಮುಗಿಯಿತು. ಯಜಮಾನರು ಗುಳಿಗೆಗಳನ್ನು ತಂದು ಅಮ್ಮನ ನಾಲಿಗೆಯ ಮೇಲಿಟ್ಟರು. ಅಮ್ಮ ಕತ್ತು ಪೂರ್ತಿ ಹಿಂದಕ್ಕೆ ಚೆಲ್ಲಿ ಬಾಯಿ ತೆರೆದರು. ಯಜಮಾನರು ತಂಬಿಗೆಯನ್ನು ಗೇಣೆತ್ತರ ಎತ್ತಿ ನೀರಿನ ಧಾರೆ ಬಿಟ್ಟರು!

“ನಿಲ್ಲಿಸಿ!” ಎಂದು ಕೂಗಿದ್ದಕ್ಕೆ ಯಜಮಾನರ ಕೈಯಿಂದ ತಂಬಿಗೆ ಬೀಳುವುದೊಂದು ಬಾಕಿ.

“ಇದು ಗುಳಗಿ ನುಂಗೂ ನೀರ್ರಿ” ಎಂದರು ಅವರು, ಏನೂ ಅರ್ಥವಾಗದೆ. “ಊಟಕ್ಕ ನೀವು ಹೇಳಿದಂಗ ಎಲ್ಲಾ ಮಾಡೀವಿ.”

ಅವರು ಸುಳ್ಳು ಹೇಳಿರಲಿಲ್ಲ. ನನ್ನ ಪಾಠವೆಲ್ಲ ಊಟದ್ದು. ಗುಳಿಗೆಯ ನೀರು ಅವರ ಲೆಕ್ಕದಲ್ಲಿ ಔಷಧಿಯ ಭಾಗ, ಊಟದ ಖಾತೆಗೆ ಸೇರಿದ್ದೇ ಅಲ್ಲ. ಅದಕ್ಕಿಂತ ದೊಡ್ಡದು ಆ ಎತ್ತಿ ಕುಡಿಯುವ ರೂಢಿ. ಪಾತ್ರೆಗೆ ತುಟಿ ತಾಗಿಸಿ ಕಚ್ಚಿ ಕುಡಿದರೆ ಎಂಜಲು ಎಂದು ನಮ್ಮ ಸೀಮೆಯಲ್ಲಿ ಮಕ್ಕಳಿಗೆ ನಡೆಯುವುದಕ್ಕಿಂತ ಮೊದಲೇ ಕಲಿಸುತ್ತಾರೆ. ಕತ್ತು ಹಿಂದೆ ಹೋದಾಗ ಗಾಳಿಯ ದಾರಿ ಹಾ ಎಂದು ತೆರೆದುಕೊಳ್ಳುತ್ತದೆ. ಆರೋಗ್ಯವಂತರಿಗೆ ನಡೆಯುತ್ತದೆ. ಬಾಗಿಲು ನಿಧಾನವಾದವರಿಗೆ ಅದಕ್ಕಿಂತ ಅಪಾಯದ ಭಂಗಿ ಇನ್ನೊಂದಿಲ್ಲ.

“ಇನ್ನು ಮೇಲೆ ಲೋಟಕ್ಕೆ ಬಾಯಿ ಹಚ್ಚಿ ಕುಡೀರಿ” ಎಂದೆ.

ಅಮ್ಮ ಆಗುವುದಿಲ್ಲ ಎಂದು ತಲೆಯಾಡಿಸಿದರು. ಅವರಿಗೇ ಬೇರೆ ಲೋಟ ಇಡೋಣ ಎಂದೆ. ಬೇಡ. ಚಮಚದಲ್ಲಿ ಕುಡಿಸೋಣ ಎಂದೆ. ಊಟಕ್ಕೆ ಚಮಚ ಒಪ್ಪಿದ್ದೇ ದೊಡ್ಡದು, ನೀರಿಗೂ ಚಮಚವೆಂದರೆ ಅಮ್ಮನ ಕಣ್ಣಲ್ಲಿ ನೀರು ಬಂತು. “ಹುಟ್ಟಿದಾಗಿಂದ ಎಂಜಲ ಮಾಡಿಲ್ಲ. ಸಾಯೂ ಹೊತ್ತಿಗೆ ಮಾಡ್ಲೇನು?” ಎಂದರು.

“ಹಟ ಮಾಡಿದ್ರೆ ನಳಿಗೆನೇ ಗತಿ” ಎನ್ನುವ ಮಾತು ನನ್ನ ತುದಿನಾಲಿಗೆಗೆ ಬಂದಿತ್ತು. ನನಗೆ ಸಿಟ್ಟು ಬೇಗ, ಮನೆಯವರನ್ನು ಕೇಳಿದರೆ ಸಾಕ್ಷಿ ಹೇಳುತ್ತಾರೆ. ಆದರೆ ಅವತ್ತು ಯಾವ ಪುಣ್ಯವೋ, ಬಾಯಿ ತೆರೆಯುವ ಮೊದಲು ನನ್ನ ಕಣ್ಣು ಅಮ್ಮನ ಎಡಗೈಯ ಮೇಲೆ ಬಿತ್ತು. ಅಂಗೈ ಇನ್ನೂ ಒದ್ದೆಯಾಗಿತ್ತು. ಹತ್ತು ನಿಮಿಷದ ಹಿಂದೆ ಇದೇ ಗಂಟಲು ತೆಳ್ಳನೆಯ ನೀರನ್ನೇ ಕೆಮ್ಮಿಲ್ಲದೆ ನುಂಗಿತ್ತು. ಬೆನ್ನು ನೆಟ್ಟಗಿತ್ತು, ಗದ್ದ ಎದೆಗೆ ಬಾಗಿತ್ತು, ನೀರು ಅಂಗೈಯ ಗುಳಿಗೆ ಹಿಡಿಸುವಷ್ಟೇ ಇತ್ತು. ನಾನು ವಾರಗಟ್ಟಲೆ ಬಾಯಿ ಹರಿದುಕೊಂಡು ಕಲಿಸಿದ್ದೆಲ್ಲ ಆ ಒಂದು ಪೂಜೆಯಲ್ಲಿತ್ತು. ಅಂಗೈಗೆ ತುಟಿ ತಾಗಿದರೆ ಪಾತ್ರೆ ಎಂಜಲಾಗುವುದೂ ಇಲ್ಲ.

“ಅಮ್ಮಾ, ತೀರ್ಥ ತಗೊಂಡ ಹಾಗೇ ನೀರು ಕುಡೀಬಹುದಾ?”

ಯಜಮಾನರಿಗೆ ಮುಜುಗರವಾಯಿತು. “ಎಡಗೈಲೆ ಕುಡಿಯೂದೇನ್ರಿ?”

ಅಮ್ಮ ಗಂಡನ ಕಡೆ ತಿರುಗಿ, ಒಂದೊಂದೇ ಪದ ಜೋಡಿಸಿ ಹೇಳಿದರು: “ಲಿಂಗ ಹಿಡಿಯೂ ಕೈಗೆ... ಎಡ ಏನು... ಬಲ ಏನು?”

ಅಲ್ಲಿಗೆ ಚರ್ಚೆ ಮುಗಿಯಿತು. ಕೂವೆ ಬೆರೆಸಿದ ನೀರನ್ನು ಯಜಮಾನರು ಅಂಗೈಗೆ ಎರೆದರು. ಅಮ್ಮ ಬಾಗಿದರು, ನುಂಗಿದರು, ಮತ್ತೆ ನುಂಗಿದರು. ಗುಳಿಗೆಗಳನ್ನು ಇನ್ನು ಮೇಲೆ ಮಂದ ಅಂಬಲಿಯಲ್ಲಿಟ್ಟು ನುಂಗಿಸುವುದು ಎಂದಾಯಿತು. ಯಾವುದನ್ನು ಪುಡಿಮಾಡಬಹುದು, ಯಾವುದನ್ನು ಮಾಡಬಾರದು ಎಂದು ವೈದ್ಯರನ್ನು ಫೋನಿನಲ್ಲಿ ಕೇಳಿದೆ. ಬಾಯಿ ಚೆನ್ನಾಗಿ ಉಜ್ಜಿ ತೊಳೆದ ಮೇಲೆಯೇ ತೀರ್ಥ ಎಂದೆ. ಅಮ್ಮನಿಗೆ ಅದು ಹೊಸದೇನಲ್ಲ, ತೊಳೆಯದ ಬಾಯಿಗೆ ಅವರು ತೀರ್ಥ ಹಾಕಿಕೊಳ್ಳುವವರೇ ಅಲ್ಲ.

ನನಗೆ ಖುಷಿಯಾಗಿತ್ತು, ಆದರೆ ಖುಷಿಯನ್ನು ನಂಬಿ ವೈದ್ಯರ ಮುಂದೆ ಹೋಗುವ ಹಾಗಿರಲಿಲ್ಲ. ಕೆಮ್ಮು ಬರಲಿಲ್ಲ ಎಂದ ಮಾತ್ರಕ್ಕೆ ನೀರು ಸರಿಯಾದ ದಾರಿಯಲ್ಲೇ ಹೋಯಿತು ಎನ್ನಲಾಗದು. ಗಂಟಲಿನ ಸೂಕ್ಷ್ಮ ಹೋಗಿದ್ದರೆ ಕೆಮ್ಮೇ ಬರದೆ ಶ್ವಾಸಕೋಶಕ್ಕೆ ಇಳಿಯುವುದೂ ಉಂಟು. ಎಕ್ಸ್‌ರೇ ತೆರೆಯ ಮುಂದೆ ಬೇರಿಯಂ ಕಲಸಿದ ನೀರು ನುಂಗಿಸಿ ನೋಡಬೇಕು. ಅದಕ್ಕೆ ಹುಬ್ಬಳ್ಳಿಗೆ ಹೋಗಬೇಕು. “ಹೋಗೋಣು” ಎಂದರು ಯಜಮಾನರು. ಗಿರಣಿಗೆ ಬೀಗ ಹಾಕಿ ಹೊರಟರು. ನಾನೂ ಜೊತೆಗೆ ಹೋದೆ.

ಪರೀಕ್ಷೆಯ ಕೋಣೆಯಲ್ಲಿ ಮೊದಲು ರೂಢಿಯಂತೆ ಕತ್ತೆತ್ತಿಸಿ, ಅತಿ ಸ್ವಲ್ಪ ಕೊಟ್ಟರು. ತೆರೆಯ ಮೇಲೆ ಬೇರಿಯಂ ಕಪ್ಪು ಗೆರೆಯಾಗಿ ಕಂಡು, ಸರ್ರನೆ ಗಾಳಿಯ ದಾರಿಗೆ ಜಾರಿತು. ಅಮ್ಮ ಕೆಮ್ಮಲೇ ಇಲ್ಲ. ದಿನಕ್ಕೆರಡು ಹೊತ್ತು, ಗುಳಿಗೆಯ ನೆಪದಲ್ಲಿ, ಗಂಡ ಹೆಂಡತಿ ಇಬ್ಬರಿಗೂ ತಿಳಿಯದ ಹಾಗೆ ಇದೇ ನಡೆದಿತ್ತು. ಮುಂದಿನದು ಅಂಗೈಯ ಸರದಿ. ಆ ಬಿಳಿ ದ್ರವವನ್ನು ಅಂಗೈಗೆ ಎರೆಯಿರಿ ಎಂದಾಗ ಅಲ್ಲಿಯ ತಂತ್ರಜ್ಞ ನನ್ನನ್ನು ಎರಡು ಸಲ ನೋಡಿದ. ಅಮ್ಮ ತಲೆ ಬಾಗಿಸಿದರು. ಕಪ್ಪು ಗೆರೆ ಗಾಳಿಯ ದಾರಿಯ ಪಕ್ಕದಲ್ಲೇ ಹಾದು, ಹಿಂದಿನ ದಾರಿಗೆ ಇಳಿಯಿತು. ಸ್ವಲ್ಪ ಅಲ್ಲೇ ಉಳಿದಿತ್ತು, ಎರಡನೇ ಸಲ ನುಂಗಿದಾಗ ಅದೂ ಹೋಯಿತು. “ಇನ್ನೊಮ್ಮೆ” ಎಂದರು ಅಲ್ಲಿಯ ವೈದ್ಯರು. ಮತ್ತೆಯೂ ಹಾಗೇ. ಆ ತೆರೆಗೆ ಕೈಮುಗಿಯಬೇಕು ಅನ್ನಿಸಿತು ನನಗೆ.

ಶಿರಸಿಯ ವೈದ್ಯರ ಮುಂದಿನ ತಪಾಸಣೆಗೆ ಇನ್ನೂ ಕೆಲವು ವಾರವಿತ್ತು. ಶ್ವಾಸಕೋಶ ತಿಳಿಯಾಗಿಯೇ ಉಳಿಯಬೇಕು, ಮತ್ತೆ ಜ್ವರ ಬರಬಾರದು, ತೂಕ ಇಳಿಯಬಾರದು. ಆ ಅವಧಿಯಲ್ಲಿ ಉಳಿದ ಎರಡು ಊರಿನ ತರಗತಿಗಳಲ್ಲೂ ನಾನು ಮೊದಲ ಪ್ರಶ್ನೆಯನ್ನೇ ಬದಲಿಸಿದೆ. “ಏನು ಕುಡಿಸ್ತೀರಿ” ಎಂದಲ್ಲ, “ಹೇಗೆ ಕುಡಿಸ್ತೀರಿ, ಗುಳಿಗೆಯನ್ನು ಹೇಗೆ ಕೊಡ್ತೀರಿ, ನನಗೆ ಮಾಡಿ ತೋರಿಸಿ” ಎಂದು. ಸಿದ್ದಾಪುರದಲ್ಲಿ ಕೈಗಳೆಲ್ಲ ಲೋಟ ಸಮೇತ ಮೇಲೆದ್ದವು. ಅಂಗೈಯ ಉಪಾಯ ಹೇಳಿದಾಗ ತ್ಯಾಗಲಿ ಕಡೆಯ ಒಬ್ಬ ಹೆಂಗಸು, ಅಪ್ಪನನ್ನು ನೋಡಿಕೊಳ್ಳುವವರು, ನಕ್ಕರು: “ಅಯ್ಯ, ಇದ್ನ ಅಪ್ಪಯ್ಯಂಗೆ ಹೊಸ್ತಾಗಿ ಕಲ್ಸದೇ ಬ್ಯಾಡ. ಊಟಕ್ಕೆ ಕೂತಾಗ ಆಪೋಶನ ತಗಂಬದು ಹೀಂಗೇ ಅಲ್ದಾ? ಆನು ಇವತ್ತೇ ಮಾಡಿ ನೋಡ್ತೆ.”

ಯಲ್ಲಾಪುರದಲ್ಲಿ ಮಾತ್ರ ನನ್ನ ಉತ್ಸಾಹಕ್ಕೆ ತಣ್ಣೀರು ಬಿತ್ತು. ಅಲ್ಲೊಬ್ಬರು ಮಾಜಿ ಲಾರಿ ಚಾಲಕರು, ಬಾಟಲಿ ಎತ್ತಿ ಗಟಗಟ ಕುಡಿದು ರೂಢಿ, ಈಗ ಕೈ ನಡುಕ. ಅವರ ಹೆಂಡತಿ ಒದ್ದೆಯಾದ ಸೆರಗು ತೋರಿಸಿ, “ಮೇಡಂ, ಅಂಗೈಯಲ್ಲಿ ನೀರು ನಿಂತ್ರೆ ತಾನೇ ಬಾಯಿಗೆ ಹೋಗೂದು?” ಎಂದರು. ಅವರಿಗೆ ಕಾಗದದ ಲೋಟದ ಒಂದು ಅಂಚನ್ನು ಮೂಗಿಗೆ ಜಾಗವಾಗುವಂತೆ ಕತ್ತರಿಸಿ ಕೊಟ್ಟೆ. ಆಗ ಕತ್ತೆತ್ತದೆ ಕೊನೆಯ ಗುಟುಕಿನ ತನಕ ಕುಡಿಯಬಹುದು. ಒಬ್ಬರ ಮನೆಯಲ್ಲಿ ಗೆದ್ದದ್ದನ್ನು ಎಲ್ಲರ ಮನೆಗೂ ಹೊತ್ತುಕೊಂಡು ಹೋಗಬಾರದು ಎಂದು ಆ ಸೆರಗು ನನಗೆ ಹೇಳಿತು.

ತಪಾಸಣೆಯ ದಿನ ಶಿರಸಿಯಲ್ಲಿ ನಾನೂ ಹೋಗಿ ಕೂತೆ. ವೈದ್ಯರು ಎದೆಯ ಮೇಲೆ, ಬೆನ್ನ ಮೇಲೆ ಸ್ಟೆತಸ್ಕೋಪ್ ಇಟ್ಟು ಬಹಳ ಹೊತ್ತು ಕೇಳಿದರು. ಹಳೆಯ ಎಕ್ಸ್‌ರೇ, ಹೊಸ ಎಕ್ಸ್‌ರೇ ಎರಡನ್ನೂ ಬೆಳಕಿಗೆ ಹಿಡಿದರು. ತೂಕ ಸ್ವಲ್ಪ ಏರಿತ್ತು. ಯಜಮಾನರು ಟೋಪಿಯನ್ನು ಕೈಯಲ್ಲಿ ಹಿಂಡುತ್ತಾ ನಿಂತಿದ್ದರು.

“ನಳಿಗೆ ಬೇಡ” ಎಂದರು ವೈದ್ಯರು. “ಹೀಗೇ ಮುಂದುವರಿಸಿ.”

ಅಮ್ಮ ಕಣ್ಣು ಮುಚ್ಚಿ ಕೊರಳಲ್ಲಿದ್ದ ಲಿಂಗವನ್ನು ಮುಟ್ಟಿಕೊಂಡರು. ಯಜಮಾನರು ಥ್ಯಾಂಕ್ಸ್ ಹೇಳಲಿಲ್ಲ, ಅಳಲೂ ಇಲ್ಲ. ವೈದ್ಯರ ಕಡೆ ಬಾಗಿ ಕೇಳಿದರು: “ಮತ್ತ... ಚಾ ಕೊಡಬಹುದೇನ್ರಿ?”

ವೈದ್ಯರು ನನ್ನನ್ನು ನೋಡಿದರು. ಕೂವೆ ಬೆರೆಸಿ, ಬೆಚ್ಚಗಿದ್ದರೆ ಆಗಬಹುದು ಎಂದೆ. ಯಜಮಾನರ ಚೀಲದಲ್ಲಿ ಅಂಬಲಿಯ ಸ್ಟೀಲ್ ಡಬ್ಬಿ ಸಿದ್ಧವಾಗಿಯೇ ಇತ್ತು.

ಆಸ್ಪತ್ರೆಯ ಎದುರಿನ ಹೋಟೆಲಿನಲ್ಲಿ ಕೂತೆವು. ಮೂರು ಚಹಾ ಬಂತು. ಯಜಮಾನರು ಒಂದನ್ನು ತಟ್ಟೆಗೆ ಸುರಿದು ಆರಿಸಿ, ಅಂಬಲಿ ಕಲಸಿ, ಬೆರಳದ್ದಿ ಬಿಸಿ ನೋಡಿ, ಅಮ್ಮನ ಅಂಗೈಗೆ ಎರೆದರು. ಪಕ್ಕದ ಮೇಜಿನವರು ತಿರುಗಿ ನೋಡಿದರು. ನೋಡಲಿ. ಅಮ್ಮ ಬಾಗಿ, ನುಂಗಿ, ಮತ್ತೊಮ್ಮೆ ನುಂಗಿ ತಲೆಯೆತ್ತಿದರು. ಮುಖ ಕಿವುಚಿಕೊಂಡಿತ್ತು.

“ಚಾ ಭಾಳ ಕೆಟ್ಟೈತಿ” ಎಂದರು.

ಯಜಮಾನರು ನಕ್ಕುಬಿಟ್ಟರು. ತಮ್ಮ ಲೋಟವನ್ನು ಎತ್ತಿ ಒಂದು ಗುಟುಕು ಕುಡಿದು ಕಣ್ಣು ಮುಚ್ಚಿದರು. ನಿಮಗೂ ಸೇರಲಿಲ್ಲವೇ ಎಂದು ಕೇಳಿದೆ.

“ಇಲ್ರಿ, ಛಲೋ ಐತಿ” ಎಂದರು. “ಆಕಿಗೆ ಬ್ಯಾಡ ಅಂದಾಗಿಂದ ನಾನೂ ಕುಡಿದಿರಲಿಲ್ಲ.”

ಅಮ್ಮ ಗಂಡನ ಮುಖ ನೋಡಿದರು. ಅವರಿಗೂ ಅದು ಗೊತ್ತಾದದ್ದು ಆ ಕ್ಷಣದಲ್ಲೇ. ಅಂಗೈಯನ್ನು ಮತ್ತೆ ಮುಂದೆ ಚಾಚಿದರು, ಯಜಮಾನರು ಎರೆದರು.